ಮೂವತ್ತಾರರ ಎರಡು ಬೆಲೆ

2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷ ಪಡೆದದ್ದು ಶೇಕಡಾ 36ರಷ್ಟು ಮತ. ಗೆದ್ದದ್ದು 104 ಸ್ಥಾನ. 2023ರಲ್ಲಿ ಅದೇ ಪಕ್ಷ ಪಡೆದದ್ದು ಮತ್ತೆ ಶೇಕಡಾ 36ರಷ್ಟೇ ಮತ. ಗೆದ್ದದ್ದು 66 ಸ್ಥಾನ. 2018ರಲ್ಲಿ ಶೇಕಡಾ 38ರಷ್ಟು ಮತ ಪಡೆದು ಮೊದಲಿಗನಾಗಿದ್ದ ಕಾಂಗ್ರೆಸ್ಸಿಗೆ ಎಣಿಕೆಯ ದಿನ ಸಿಕ್ಕದ್ದು 78 ಸ್ಥಾನ ಮಾತ್ರ. ಒಂದೇ ಮೊತ್ತದ ಠೇವಣಿಗೆ ಒಂದು ವರ್ಷ 104, ಇನ್ನೊಂದು ವರ್ಷ 66 ಎಂದು ಬರೆದಿರುವ ಖಾತೆಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ವಿವರಣೆ ಕೇಳದೆ ಸಹಿ ಹಾಕಿ ಹಿಂದಿರುಗಿಸಲಾರ.

ವಿವರಣೆ ಇದೆ. ಪಕ್ಷದ ಮತ ಬದಲಾಗಲಿಲ್ಲ, ಎದುರಾಳಿಗಳ ಮತ ಹಂಚಿಹೋಗುವ ರೀತಿ ಬದಲಾಯಿತು. ಜನತಾದಳದ ಪಾಲು ಶೇಕಡಾ 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ಸಿನದು 43ರ ಸಮೀಪಕ್ಕೆ ಏರಿತು. ಇದನ್ನು ಒಂದು ಪಕ್ಷದ ದುಃಖವೆಂದೋ ಇನ್ನೊಂದರ ಅದೃಷ್ಟವೆಂದೋ ಓದಬೇಕಾಗಿಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ಮತಗಳ ಲೆಕ್ಕದಲ್ಲಿ ದೇಶದ ಮೂರನೆಯ ಪಕ್ಷವಾಗಿದ್ದ ಬಹುಜನ ಸಮಾಜ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಅದಕ್ಕಿಂತ ಕಡಿಮೆ ಮತ ಪಡೆದ ತೃಣಮೂಲ ಕಾಂಗ್ರೆಸ್ಸಿಗೆ 34 ಬಂದವು. ಅತಿ ಹೆಚ್ಚು ಮತ ಪಡೆದವನೇ ಗೆದ್ದನೆನ್ನುವ ಪದ್ಧತಿ, ಗೆದ್ದವನನ್ನು ಬೇಡವೆಂದವರು ಎಷ್ಟು ಮಂದಿ ಎಂದು ಕೇಳುವುದೇ ಇಲ್ಲ.

ಕೇಳುವ ಪದ್ಧತಿ ಪರದೇಶದಿಂದ ಬರಬೇಕಾಗಿಲ್ಲ. ಸಂವಿಧಾನದ 55ನೆಯ ವಿಧಿ ರಾಷ್ಟ್ರಪತಿಯ ಆಯ್ಕೆಗೆ ಅದನ್ನೇ ವಿಧಿಸಿದೆ. ಮತದಾರ ಒಬ್ಬನ ಹೆಸರಿಗೆ ಮುದ್ರೆ ಒತ್ತುವುದಿಲ್ಲ. ತನ್ನ ಪ್ರಾಶಸ್ತ್ಯವನ್ನು 1, 2, 3 ಎಂದು ಬರೆಯುತ್ತಾನೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಮತ ಬಾರದಿದ್ದರೆ, ಕಡೆಯವನನ್ನು ಕೈಬಿಟ್ಟು ಅವನ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ಹಂಚುತ್ತಾರೆ. 1969ರಲ್ಲಿ ಇದು ನಿಜವಾಗಿ ಪರೀಕ್ಷೆಗೆ ಒಳಗಾಯಿತು. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯ ಅಧಿವೇಶನದಲ್ಲಿ ಬಿರುಕು ಬಿಟ್ಟ ಕಾಂಗ್ರೆಸ್ ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಇಂದಿರಾ ಗಾಂಧಿಯವರ ಒಲವು ವಿ.ವಿ. ಗಿರಿಯವರತ್ತ, ಮೂರನೆಯವರಾಗಿ ಸಿ.ಡಿ. ದೇಶಮುಖ್. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಎಂಬತ್ತೆಂಟು ಸಾವಿರದಷ್ಟು ಮುಂದಿದ್ದರೂ ಗಿರಿಯವರನ್ನು ಗೆದ್ದವರೆಂದು ಸಾರಲಿಲ್ಲ. ದೇಶಮುಖ್ ಮತ್ತಿತರರ ಮತಪತ್ರಗಳ ಎರಡನೆಯ ಪ್ರಾಶಸ್ತ್ಯಗಳು ಬಹುಪಾಲು ರೆಡ್ಡಿಯವರ ಕಡೆಗೆ ಹರಿದವು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ ಹದಿನಾಲ್ಕೂವರೆ ಸಾವಿರಕ್ಕೆ ಕುಗ್ಗಿದರೂ ಗಿರಿಯವರ ಗೆಲುವು ಬಹುಮತದ ಗೆಲುವಾಗಿತ್ತು.

ಇಲ್ಲಿ ಒಂದು ವಿನೋದವೂ ಇದೆ. ಶೇಕಡಾ 33ರಷ್ಟು ಮತದಲ್ಲಿ ಗೆದ್ದು ಬಂದ ಶಾಸಕರೇ ರಾಷ್ಟ್ರಪತಿಯಿಂದ ಬಹುಮತ ಬಯಸುತ್ತಾರೆ. ರಾಜ್ಯಸಭೆಗೂ ಪ್ರಾಶಸ್ತ್ಯದ ಮತವೇ. ಮುಂಬೈ, ಪುಣೆ, ಹೈದರಾಬಾದುಗಳ ಪದವೀಧರರು ವಿಧಾನ ಪರಿಷತ್ತಿನ ಚುನಾವಣೆಯಲ್ಲಿ ಅಂಕಿ ಬರೆದೇ ಮತ ಚಲಾಯಿಸುತ್ತಾರೆ. ಲೆಕ್ಕಪರಿಶೋಧಕರ ಸಂಸ್ಥೆಯ ಕೇಂದ್ರ ಮಂಡಳಿಯ ಸದಸ್ಯರು ಆಯ್ಕೆಯಾಗುವುದೂ ಹೀಗೆಯೇ. ಓದಿದವರಿಗೆ ಒಂದು ತಕ್ಕಡಿ, ಉಳಿದವರಿಗೆ ಇನ್ನೊಂದು.

ಸಂವಿಧಾನ ಸಭೆಯಲ್ಲಿ ಪ್ರಮಾಣಾನುಗುಣ ಪ್ರಾತಿನಿಧ್ಯದ ಬೇಡಿಕೆ ಬಂದಾಗ ಅಂಬೇಡ್ಕರರು ಒಡ್ಡಿದ ಆಕ್ಷೇಪಗಳಲ್ಲಿ ಸಾಕ್ಷರತೆಯ ಕೊರತೆ ಒಂದು. ಅದು ಆ ಕಾಲಕ್ಕೆ ನ್ಯಾಯವಾದ ಮಾತು: 1951ರ ಜನಗಣತಿಯಲ್ಲಿ ಅಕ್ಷರ ಬಲ್ಲವರು ಶೇಕಡಾ 18. 2011ರಲ್ಲಿ ಅದು 74. ಸ್ಥಿರ ಸರ್ಕಾರ ಬೇಕೆಂಬ ಅವರ ಇನ್ನೊಂದು ಆಕ್ಷೇಪ ಇಂದಿಗೂ ತೂಕದ್ದೇ. ಆದರೆ ಅದು ಪ್ರಮಾಣಾನುಗುಣ ಪದ್ಧತಿಗೆ ತಗಲುವಷ್ಟು, ಏಕಸದಸ್ಯ ಕ್ಷೇತ್ರದ ಪ್ರಾಶಸ್ತ್ಯ ಮತಕ್ಕೆ ತಗಲುವುದಿಲ್ಲ. ಆಸ್ಟ್ರೇಲಿಯಾ 1918ರಿಂದ ಕೆಳಮನೆಗೆ ಇದನ್ನೇ ಅನುಸರಿಸುತ್ತಿದೆ, ಅಲ್ಲಿ ಸರ್ಕಾರಗಳು ನಿಂತೇ ಇವೆ.

ಎರಡು ಸುಧಾರಣೆಗಳನ್ನು ಒಂದೆಂದು ಬೆರೆಸುವುದು ತಪ್ಪು. ಪ್ರಾಶಸ್ತ್ಯ ಮತ ಪ್ರತಿ ಕ್ಷೇತ್ರದಲ್ಲಿ ಹೆಚ್ಚು ಜನ ಒಪ್ಪುವವನನ್ನು ಆರಿಸುತ್ತದೆ. ಮತದ ಪಾಲಿಗೂ ಸ್ಥಾನದ ಪಾಲಿಗೂ ತಾಳೆ ಹಾಕುವ ಭರವಸೆ ಕೊಡುವುದಿಲ್ಲ. ಬಹುಜನ ಸಮಾಜ ಪಕ್ಷದ ಸೊನ್ನೆಗೆ ಅದರಲ್ಲಿ ಔಷಧಿ ಇಲ್ಲ. ಅದಕ್ಕೆ 1999ರಲ್ಲಿ ಕಾನೂನು ಆಯೋಗ ತನ್ನ 170ನೆಯ ವರದಿಯಲ್ಲಿ, ಸ್ಥಾನಗಳನ್ನು ಶೇಕಡಾ 25ರಷ್ಟು ಹೆಚ್ಚಿಸಿ ಪಕ್ಷಗಳ ಪಟ್ಟಿಯಿಂದ ತುಂಬುವ ಸಲಹೆ ನೀಡಿತ್ತು. ಪಟ್ಟಿ ಬರೆಯುವವರು ಪಕ್ಷದ ವರಿಷ್ಠರು. ಆಂತರಿಕ ಚುನಾವಣೆಯೇ ಕಾಣದ ಪಕ್ಷಗಳ ಕೈಗೆ ಆ ಲೇಖನಿ ಕೊಡುವ ಮೊದಲು, ಕ್ಷೇತ್ರದ ಮತದಾರನ ಕೈಗೆ ಎರಡನೆಯ ಪ್ರಾಶಸ್ತ್ಯ ಕೊಡುವುದು ಲೇಸು.

ಅದರ ಮೊದಲ ಫಲ ಕಾಣುವುದು ಬಾಡಿಗೆ ಅಭ್ಯರ್ಥಿಗಳಲ್ಲಿ. ಎದುರಾಳಿಯ ಜಾತಿಯವನೊಬ್ಬನನ್ನು ಹಣ ಕೊಟ್ಟು ನಿಲ್ಲಿಸಿ ಮತ ಒಡೆಯುವ ವಿದ್ಯೆ ಎಲ್ಲ ಪಕ್ಷಗಳಿಗೂ ಗೊತ್ತು (ಆ ಖರ್ಚು ಯಾರ ಚುನಾವಣಾ ವೆಚ್ಚದ ಲೆಕ್ಕದಲ್ಲೂ ಕಾಣುವುದಿಲ್ಲ). ಒಡೆದ ಮತ ಎರಡನೆಯ ಎಣಿಕೆಯಲ್ಲಿ ಮರಳಿ ಕೂಡಿಕೊಂಡರೆ ಆ ಬಂಡವಾಳ ಮುಳುಗುತ್ತದೆ.

ತೊಡಕುಗಳೂ ಇವೆ. ಇಂದಿನ ಮತಯಂತ್ರದಲ್ಲಿ ಒಂದು ಗುಂಡಿಯನ್ನು ಒತ್ತಬಹುದೇ ಹೊರತು ಕ್ರಮಾಂಕ ನೀಡಲಾಗದು. ಮತಗಟ್ಟೆಗಳ ಮೊತ್ತಗಳನ್ನು ಕೂಡಿಸಿದರೂ ಸಾಲದು. ಲಕ್ಷಾಂತರ ಮತದಾರರ ಪ್ರಾಶಸ್ತ್ಯಗಳನ್ನು ಒಂದೆಡೆ ತಂದು ಸುತ್ತು ಸುತ್ತಾಗಿ ಎಣಿಸಬೇಕು. ಶ್ರೀಲಂಕಾ 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮೊದಲ ಬಾರಿ ಎರಡನೆಯ ಸುತ್ತು ಎಣಿಸಿತು, ಅದೂ ಕಾಗದದ ಮತಪತ್ರಗಳಲ್ಲಿ. ಆದರೆ ಅಲ್ಲಿ ಉಳಿದಿದ್ದವರು ಇಬ್ಬರೇ. ಬ್ರಿಟನ್ನಿನ ಮತದಾರರಂತೂ 2011ರ ಜನಮತಗಣನೆಯಲ್ಲಿ ಮೂರರಲ್ಲಿ ಎರಡು ಪಾಲು ಈ ಪದ್ಧತಿಯನ್ನೇ ತಿರಸ್ಕರಿಸಿದರು. ಸಂಸತ್ತು ಮನಸ್ಸು ಮಾಡಿದರೆ ಕಾನೂನಿನ ದಾರಿ ಇದೆ: 81ನೆಯ ವಿಧಿ ನೇರ ಚುನಾವಣೆ ಎನ್ನುತ್ತದೆಯೇ ಹೊರತು ಅತಿ ಹೆಚ್ಚು ಮತ ಪಡೆದವನೇ ಗೆಲ್ಲಬೇಕೆನ್ನುವುದಿಲ್ಲ. ಹಳೆಯ ಪದ್ಧತಿಯಲ್ಲಿ ಗೆದ್ದವರೇ ಅದನ್ನು ಬದಲಿಸಬೇಕೆಂಬುದು ನಿಜವಾದ ತೊಡಕು.

ಸಂಸತ್ತಿಗಾಗಿ ಕಾಯಬೇಕಿಲ್ಲದ ಜಾಗಗಳೂ ಉಂಟು. ಹೊರನಾಡಿನ ಕನ್ನಡ ಸಂಘಗಳಲ್ಲಿ, ಸಮಾಜದ ಟ್ರಸ್ಟುಗಳಲ್ಲಿ, ವಿದ್ಯಾರ್ಥಿನಿಲಯಗಳ ಆಡಳಿತ ಮಂಡಳಿಗಳಲ್ಲಿ ಇಂದಿಗೂ ಪ್ಯಾನೆಲ್ ಕಟ್ಟಿ ನಡೆಯುವ ಚುನಾವಣೆ ಕಡಿಮೆಯಲ್ಲ. ನೂರು ಸದಸ್ಯರಲ್ಲಿ 52 ಮಂದಿ ಒಂದು ಕಡೆ, 48 ಮಂದಿ ಇನ್ನೊಂದು ಕಡೆ ಇದ್ದು ಎಲ್ಲರೂ ಪ್ಯಾನೆಲಿಗೆ ನಿಷ್ಠರಾದರೆ, ಹನ್ನೊಂದು ಸ್ಥಾನಗಳೂ ಮೊದಲ ಕಡೆಗೇ. ಸೋತವರು ಮರುದಿನದಿಂದ ದೇಣಿಗೆ ನಿಲ್ಲಿಸುತ್ತಾರೆ, ಇಲ್ಲವೇ ಚಾರಿಟಿ ಕಮಿಷನರರ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಅದೇ ನೂರು ಮಂದಿ ಪ್ರಾಶಸ್ತ್ಯದ ಮತ ಹಾಕಿದರೆ ಒಂಬತ್ತು ಮತಕ್ಕೆ ಒಂದು ಸ್ಥಾನದ ಕೋಟಾ. ಫಲಿತಾಂಶ ಆರು ಮತ್ತು ಐದು. ಇದಕ್ಕೆ ಬೇಕಾದುದು ನಿಯಮಾವಳಿಯಲ್ಲಿ ಒಂದು ತಿದ್ದುಪಡಿ, ಅದನ್ನು ಮಂಡಿಸಲು ಆರು ಜನರ ಕಡೆಯವನೇ ಆದ ಒಬ್ಬ ಸದಸ್ಯ.