ಕಾರಕೂನನ ಟಿಪ್ಪಣಿ: ಅಚ್ಚಿಗೆ ಮೊದಲು ಒಬ್ಬ ಓದುಗ



ನಮ್ಮ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರಲ್ಲಿ ಬರೆಯುವವರಿಗೇನೂ ಬರವಿಲ್ಲ. ಬೆಳಗಿನ ಲೋಕಲ್ ಗಾಡಿಯಲ್ಲಿ ಒಂಟಿಕಾಲಿನ ಮೇಲೆ ನಿಂತು ಕವಿತೆ ಹೊಸೆಯುವವರುಂಟು. ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಅಡಿಗೆಮನೆಯ ದೀಪ ಹಾಕಿಕೊಂಡು ಕಾದಂಬರಿ ಬರೆಯುವವರುಂಟು. ಪುಸ್ತಕ ಬಿಡುಗಡೆಯ ಸಮಾರಂಭಗಳೂ ಸಾಲುಸಾಲಾಗಿ ನಡೆಯುತ್ತವೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ, ಕೊನೆಗೆ ಉಪ್ಪಿಟ್ಟು ಕಾಫಿ. ಇದೆಲ್ಲ ಸಂತೋಷದ ಮಾತೇ. ಆದರೆ ನನ್ನದೊಂದು ಸಣ್ಣ ಪ್ರಶ್ನೆ. ಅಚ್ಚಾಗುವ ಮೊದಲು ಆ ಪುಸ್ತಕವನ್ನು ಓದಿದವರು ಯಾರು? ಬರೆದವರು ಓದಿರುತ್ತಾರೆ, ಟೈಪು ಮಾಡಿದವರು ಓದಿರುತ್ತಾರೆ, ಕಾಗುಣಿತ ತಿದ್ದಿದವರು ಓದಿರುತ್ತಾರೆ. ಮುನ್ನುಡಿ ಬರೆದ ಹಿರಿಯರು ಓದಿಯೇ ಇರುತ್ತಾರೆಂದು ನಂಬುವುದು ಸೌಜನ್ಯ.

ಸರಕಾರಿ ಕಚೇರಿಯಲ್ಲಿ ಕೂತು ಕಾಗದ ಬರೆಯುವುದು ನನ್ನ ಕಸುಬು. ಮುರಿದ ಕುರ್ಚಿಯ ಬದಲು ಹೊಸದು ಬೇಕೆಂಬ ಪತ್ರವಾದರೂ ನಾನು ಕರಡು ಮಾಡಬೇಕು, ಮೇಲಿನವರು ನೋಡಬೇಕು, ಅವರ ಮೇಲಿನವರು ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆದು ಹಿಂದಕ್ಕೆ ಕಳಿಸಬೇಕು. ಒಂದು ಕುರ್ಚಿಗೆ ಮೂರು ಜನ ಓದುಗರು! ನಾಲ್ಕುನೂರು ಪುಟದ ಕಾದಂಬರಿಗೆ ಒಬ್ಬರೂ ಇಲ್ಲವೆಂದರೆ ಹೇಗೆ?

ಇಂಗ್ಲಿಷ್ ಪ್ರಕಾಶನದಲ್ಲಿ ಇಂಥ ಓದುಗರನ್ನು ‘ಡೆವಲಪ್‌ಮೆಂಟಲ್ ಎಡಿಟರ್’ ಎನ್ನುತ್ತಾರೆ. ಕಾಗುಣಿತ ತಿದ್ದುವವರಿಗಿಂತಲೂ ವಾಕ್ಯ ನೇರಮಾಡುವವರಿಗಿಂತಲೂ ಇವರ ಕೆಲಸ ಬೇರೆ. ಮನೆಗೆ ಸುಣ್ಣ ಬಳಿಯುವವನು ಒಬ್ಬ. ಬಾಗಿಲು ತಪ್ಪಾದ ಕಡೆ ಇದೆ, ಈ ಗೋಡೆ ಯಾವ ಭಾರವನ್ನೂ ಹೊತ್ತಿಲ್ಲ ಎಂದು ಹೇಳುವವನು ಇನ್ನೊಬ್ಬ. ಕಥೆ ಯಾರದು, ಎಲ್ಲಿಂದ ಹೊರಡಬೇಕು, ಯಾವ ಪಾತ್ರ ಸುಮ್ಮನೆ ಕೂತಿದೆ, ಯಾವುದು ಬಾಯಿ ತೆರೆಯಬೇಕಾಗಿತ್ತು ಎಂದು ಕೇಳುವವನು ಈ ಎರಡನೆಯವನು. ಅವನು ಬರೆದುಕೊಡುವುದಿಲ್ಲ, ಬರೆಸುತ್ತಾನೆ.

ಇದು ಪರದೇಶದ ಸರಕು ಎನ್ನಬೇಡಿ. ಧಾರವಾಡದ ಮನೋಹರ ಗ್ರಂಥಮಾಲೆಯ ‘ಅಟ್ಟ’ದ ಹೆಸರು ಕೇಳದ ಓದುಗರು ಕಡಿಮೆ. ಜಿ. ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಸಂಸ್ಥೆ ಅದು. ಜೋಶಿಯವರು ‘ಜಡಭರತ’ ಎಂಬ ಹೆಸರಿನಲ್ಲಿ ತಾವೇ ನಾಟಕ ಬರೆದವರು. ಅವರಿಗೆ ಸಾಹಿತ್ಯ ಸಲಹೆಗಾರರಾಗಿ ಒದಗಿದವರು ಕೀರ್ತಿನಾಥ ಕುರ್ತಕೋಟಿ. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’, ಅದೇ ವರ್ಷ ಶಾಂತಿನಾಥ ದೇಸಾಯಿಯವರ ‘ಮುಕ್ತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಈ ಮಾಲೆಯಲ್ಲೇ. ‘ಯಯಾತಿ’ ಬರೆದಾಗ ಕಾರ್ನಾಡರು ಆಕ್ಸ್‌ಫರ್ಡಿಗೆ ಹೊರಟಿದ್ದ, ಹೆಸರಿಲ್ಲದ ಹುಡುಗ. ಕನ್ನಡದಲ್ಲಿ ಒಳ್ಳೆಯ ಐತಿಹಾಸಿಕ ನಾಟಕಗಳಿಲ್ಲ ಎಂದು ಕುರ್ತಕೋಟಿಯವರು ಎತ್ತಿದ ಆಕ್ಷೇಪವೇ ತಮ್ಮನ್ನು ಚರಿತ್ರೆಯ ಪುಸ್ತಕಗಳ ಕಡೆಗೆ ದೂಡಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. 1964ರ ‘ತುಘಲಕ್’ ಹುಟ್ಟಿದ್ದು ಹಾಗೆ. ಒಬ್ಬ ಓದುಗ ‘ಇದು ಇಲ್ಲ’ ಎಂದು ಬೆರಳಿಟ್ಟು ತೋರಿಸಿದರೆ ಏನಾಗಬಹುದೆಂಬುದಕ್ಕೆ ಇಷ್ಟು ಸಾಕು.

ಇನ್ನೂ ಹತ್ತಿರದ ಮಾತೆಂದರೆ ನಮ್ಮ ಮರಾಠಿ ನೆರೆಯವರದು. ಗಿರಗಾಂವದ ಮೌಜ ಪ್ರಕಾಶನದಲ್ಲಿ ಶ್ರೀ. ಪು. ಭಾಗವತ, ರಾಮ ಪಟವರ್ಧನ ಎಂಬ ಇಬ್ಬರು ಸಂಪಾದಕರಿದ್ದರು. ‘ಸತ್ಯಕಥಾ’ ಮಾಸಿಕ 1982ರಲ್ಲಿ ನಿಂತುಹೋಯಿತು. ಆದರೆ ಈ ಇಬ್ಬರು ಲೇಖಕರೊಡನೆ ಹಸ್ತಪ್ರತಿ ಮುಂದಿಟ್ಟುಕೊಂಡು ತಾಳ್ಮೆಯಿಂದ ಚರ್ಚಿಸುತ್ತಿದ್ದ ರೀತಿಯನ್ನು ಮರಾಠಿ ಲೇಖಕರು ಇಂದಿಗೂ ನೆನೆಯುತ್ತಾರೆ.

ಅಮೆರಿಕದ ಹಾರ್ಪರ್ ಲೀ ಎಂಬಾಕೆಯ ಕಥೆಯಂತೂ ಪಾಠವಿದ್ದಂತೆ. 1957ರಲ್ಲಿ ಆಕೆಯ ಹಸ್ತಪ್ರತಿಯೊಂದು ಲಿಪಿನ್‌ಕಾಟ್ ಎಂಬ ಪ್ರಕಾಶಕರ ಕೈ ಸೇರಿತು. ಅದರಲ್ಲಿ ಇಪ್ಪತ್ತಾರು ವರ್ಷದ ಮಗಳು ನ್ಯೂಯಾರ್ಕಿನಿಂದ ಊರಿಗೆ ಬಂದು ತಂದೆಯೊಡನೆ ಜಗಳವಾಡುತ್ತಾಳೆ. ನಡುನಡುವೆ ಬಾಲ್ಯದ ನೆನಪು ಬರುತ್ತದೆ. ಟೇ ಹೋಹಾಫ್ ಎಂಬ ಸಂಪಾದಕಿ ಓದಿದರು. ಅವರ ಕೈಕೆಳಗೆ ಎರಡು ವರ್ಷಕ್ಕೂ ಮಿಕ್ಕಿ ಮತ್ತೆ ಮತ್ತೆ ಬರೆದ ಮೇಲೆ, ಆ ನೆನಪಿನ ತುಣುಕುಗಳೇ ಮುಂದೆ ಬಂದು, ಪುಟ್ಟ ಹುಡುಗಿಯ ಕಣ್ಣಿನ ಕಾದಂಬರಿಯಾಯಿತು. 1960ರಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಎಂದು ಅಚ್ಚಾಗಿ ಮರುವರ್ಷ ಪುಲಿಟ್ಜರ್ ಬಹುಮಾನ ಪಡೆಯಿತು. ಮೊದಲಿನ ಹಸ್ತಪ್ರತಿಯೂ 2015ರಲ್ಲಿ ಪ್ರಕಟವಾದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ನಮಗಿದೆ.

ಇನ್ನು ನಮ್ಮೂರಿನದೇ ಒಂದು ಸಂಗತಿ. ಹೆಸರು ಬೇಡವೆಂದು ಇಬ್ಬರೂ ಹೇಳಿದ್ದಾರೆ. ಕಲ್ಯಾಣದಲ್ಲಿರುವ ನನ್ನ ಮಿತ್ರರೊಬ್ಬರು ತಮ್ಮ ತಂದೆಯ ಬಾಳನ್ನು ಕಾದಂಬರಿ ಮಾಡಿ ನಾಲ್ಕುನೂರು ಪುಟ ಬರೆದರು. ತಂದೆ ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಬಟ್ಟೆ ಗಿರಣಿ ಸೇರಿದವರು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಮುಷ್ಕರ ಹೂಡಿದರಲ್ಲ, ಅದರಲ್ಲಿ ಇವರೂ ಕೆಲಸ ಕಳೆದುಕೊಂಡರು. ಮಿತ್ರರು ಹಸ್ತಪ್ರತಿಯನ್ನು ಠಾಣೆಯಲ್ಲಿರುವ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರಿಗೆ ಕೊಟ್ಟರು. ಹೊಗಳಿ ನಾಲ್ಕು ಮಾತು ಬರೆದುಕೊಡಲಿ ಎಂದೇ ಕೊಟ್ಟದ್ದು.

ಟೀಚರು ತಿಂಗಳೊಪ್ಪತ್ತಿನಲ್ಲಿ ಕಟ್ಟನ್ನು ಹಿಂದಿರುಗಿಸಿದರು. ಯಾವ ಪುಟದಲ್ಲೂ ಒಂದು ಪೆನ್ಸಿಲ್ ಗೆರೆಯಿಲ್ಲ. ಜೊತೆಗೆ ಬೇರೆ ಎರಡು ಹಾಳೆ. ಒಂದರಲ್ಲಿ ಮೂವತ್ತೆರಡು ಅಧ್ಯಾಯಗಳ ಪಟ್ಟಿ: ಎಡಕ್ಕೆ ‘ಇಲ್ಲಿ ಯಾರಿಗೆ ಏನು ಬೇಕಾಗಿದೆ’, ಬಲಕ್ಕೆ ‘ಕೊನೆಗೆ ಏನು ಬದಲಾಯಿತು’. ಬಲಗಡೆಯಲ್ಲಿ ಹನ್ನೊಂದು ಕಡೆ ಖಾಲಿ. ಊರು, ವಂಶ, ಕಂಬಳ, ಯಕ್ಷಗಾನವೆಂದು ತೊಂಬತ್ತು ಪುಟ ನಡೆದರೂ ಹುಡುಗ ಇನ್ನೂ ಬಸ್ಸು ಹತ್ತಿರಲಿಲ್ಲ. ಎರಡನೆಯ ಹಾಳೆಯಲ್ಲಿ ಒಂದೇ ಮಾತು. ಮುಷ್ಕರದ ಅಧ್ಯಾಯದಲ್ಲಿ ಮಿತ್ರರು ‘ಆ ಎರಡು ವರ್ಷ ಅಮ್ಮ ಹೇಗೋ ನಿಭಾಯಿಸಿದಳು’ ಎಂದು ಬರೆದಿದ್ದರು. ಟೀಚರು ಅದನ್ನು ಎತ್ತಿ ಬರೆದು, ಕೆಳಗೆ, “ಅಲ್ಲ ಮಾರಾಯರೆ, ಹೇಗೆ? ನಿಮ್ಮ ಕಾದಂಬರಿ ಈ ‘ಹೇಗೋ’ ಎಂಬುದರೊಳಗೆ ಇದೆ” ಎಂದಿದ್ದರು.

ಮಿತ್ರರಿಗೆ ಸಿಟ್ಟು ಬಂತು. “ನನ್ನ ಅಪ್ಪನ ಕಥೆ ಬರೆದರೆ ಅಪ್ಪನನ್ನೇ ತೆಗೆಯಲು ಹೇಳುತ್ತಾರಲ್ಲ!” ಎಂದು ನನ್ನ ಮುಂದೆ ಹಾರಾಡಿದರು. ನಾಲ್ಕು ತಿಂಗಳು ಕಟ್ಟು ಕಪಾಟಿನ ಮೇಲಿತ್ತು. ಕಡೆಗೊಂದು ಭಾನುವಾರ, ಎಂಬತ್ತು ದಾಟಿದ ತಾಯಿಯನ್ನೇ ಕೇಳಿದರು. ಆ ತಾಯಿ ಅವರೆ ಬಿಡಿಸುತ್ತ ಬಿಡಿಸುತ್ತ ಹೇಳಿದರಂತೆ: ಬಳೆ ಒಂದೊಂದಾಗಿ ಹೋದವು, ಆಮೇಲೆ ಬೆಳಿಗ್ಗೆ ಐದಕ್ಕೆ ದೇವಸ್ಥಾನಕ್ಕೆಂದು ಹೊರಟು, ಎರಡು ಕಟ್ಟಡದಾಚೆ ಒಬ್ಬರ ಮನೆಯಲ್ಲಿ ಪಾತ್ರೆ ತಿಕ್ಕಿ ಬರುತ್ತಿದ್ದೆ.

“ಅಪ್ಪನಿಗೆ ಗೊತ್ತಿರಲಿಲ್ಲವೇ ಅಮ್ಮ?”

“ಗೊತ್ತಿತ್ತು ಮಗಾ. ಅದಕ್ಕೇ ಎಚ್ಚರವಾಗಿದ್ದರೂ ಕಣ್ಣು ಮುಚ್ಚಿ ಮಲಗಿರುತ್ತಿದ್ದರು.”

ಇದನ್ನು ಬರೆಯಬಹುದೇ? ತಂದೆಯ ಮರ್ಯಾದೆಯ ಪ್ರಶ್ನೆ; ಬದುಕಿರುವ ತಾಯಿಯ ಪ್ರಶ್ನೆ. ಯಾವ ಸಂಪಾದಕರೂ ಇದನ್ನು ತೀರ್ಮಾನಿಸಲಾರರು. ಟೀಚರೂ, “ನಿಮ್ಮ ತಾಯಿಯವರನ್ನು ಕೇಳಿ, ನನ್ನನ್ನಲ್ಲ” ಎಂದರು. ತಾಯಿ ಹೇಳಿದ್ದು, “ಬರಿ. ಆದರೆ ಆ ಮನೆಯವರ ಹೆಸರು ಹಾಕಬೇಡ, ಒಳ್ಳೆಯ ಜನ.” ಎರಡನೆಯ ಪ್ರತಿ ಇನ್ನೂರೆಂಬತ್ತು ಪುಟಕ್ಕೆ ಇಳಿಯಿತು, ತೊಂಬತ್ತು ಪುಟದ ಊರು ಹನ್ನೆರಡಕ್ಕೆ ಬಂತು. ನಾನು ಎರಡನ್ನೂ ಓದಿದೆ. ಮೊದಲನೆಯದರಲ್ಲಿ ತಂದೆ ಗೋಡೆಯ ಮೇಲಿನ ಪಟವಾಗಿದ್ದರು. ಎರಡನೆಯದರಲ್ಲಿ ಕಣ್ಣು ಮುಚ್ಚಿ ಎಚ್ಚರವಾಗಿರುವ ಆ ಮನುಷ್ಯನನ್ನು ನೋಡಿದರೆ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಹಾಗೆಂದು ಟೀಚರ ಮಾತೆಲ್ಲ ವೇದವಾಕ್ಯವಾಗಲಿಲ್ಲ. ಕೊನೆಯಲ್ಲಿ ತಂದೆ ಹೆಂಡತಿಯೆದುರು ಮನಸ್ಸು ಬಿಚ್ಚಬೇಕೆಂದು ಅವರು ಸೂಚಿಸಿದ್ದರು. “ಅಪ್ಪ ಹಾಗೆ ಎಂದೂ ಮಾತಾಡುವವರಲ್ಲ” ಎಂದು ಮಿತ್ರರು ಒಪ್ಪಲಿಲ್ಲ. ಟೀಚರು ನಕ್ಕು, “ಅದು ನೀವು ಬಲ್ಲ ವಿಷಯ” ಎಂದು ಬಿಟ್ಟುಕೊಟ್ಟರು. ಈ ಗೆರೆ ದೊಡ್ಡದು. ಥಾಮಸ್ ವುಲ್ಫ್ ಎಂಬ ಅಮೆರಿಕದ ಕಾದಂಬರಿಕಾರನ ರಾಶಿರಾಶಿ ಕಾಗದವನ್ನು ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಎಂಬ ಸಂಪಾದಕ ಅವನ ಜೊತೆ ಕೂತು ಪುಸ್ತಕವಾಗಿಸಿದ. 1935ರಲ್ಲಿ ವುಲ್ಫ್ ಎರಡನೆಯ ಕಾದಂಬರಿಯನ್ನು ಅವನಿಗೇ ಅರ್ಪಿಸಿದ. ‘ಪುಸ್ತಕ ಇವನದಲ್ಲ, ಸಂಪಾದಕನದು’ ಎಂಬ ಟೀಕೆ ಎದ್ದಮೇಲೆ ಆ ಪ್ರಕಾಶನವನ್ನೇ ಬಿಟ್ಟುಹೋದ. ಕೇಳುವ ಹಕ್ಕು ಓದುಗನದು, ಉತ್ತರಿಸುವ ಹಕ್ಕು ಬರೆದವನದು. ಇದು ಅದಲುಬದಲಾದರೆ ಇಬ್ಬರಿಗೂ ಸುಖವಿಲ್ಲ.

ಆದ್ದರಿಂದ ಬರೆಯುವ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೇ. ಹಸ್ತಪ್ರತಿ ಮುಗಿದೊಡನೆ ಅಚ್ಚುಕೂಟಕ್ಕೆ ಓಡಬೇಡಿ. ನಿಮ್ಮನ್ನು ಮೆಚ್ಚಿಸಬೇಕಾದ ಅಗತ್ಯವಿಲ್ಲದ, ಕಥೆ ಕಾದಂಬರಿ ಓದಿ ಪಳಗಿದ ಒಬ್ಬರನ್ನು ಹುಡುಕಿ. ‘ಹೇಗಿದೆ?’ ಎಂದು ಕೇಳಬೇಡಿ. ಆ ಪ್ರಶ್ನೆಗೆ ‘ಚೆನ್ನಾಗಿದೆ’ ಎಂಬುದೊಂದೇ ಉತ್ತರ. ‘ಎಲ್ಲಿ ಬೇಸರವಾಯಿತು? ಯಾರ ಬಗ್ಗೆ ಇನ್ನಷ್ಟು ತಿಳಿಯಬೇಕೆನಿಸಿತು? ಎಲ್ಲಿ ನಂಬಿಕೆ ಬರಲಿಲ್ಲ?’ ಎಂದು ಕೇಳಿ. ಉತ್ತರ ಬಂದ ದಿನವೇ ವಾದಕ್ಕೆ ನಿಲ್ಲಬೇಡಿ, ವಾರ ಕಳೆಯಲಿ. ಅವರು ಹುಣ್ಣು ತೋರಿಸಿದ್ದು ಸಾಮಾನ್ಯವಾಗಿ ಸರಿಯಿರುತ್ತದೆ; ಹೇಳಿದ ಔಷಧ ಸರಿಯಿರಲೇಬೇಕೆಂದಿಲ್ಲ. ಔಷಧ ನೀವೇ ಅರೆಯಿರಿ.

ಓದಿಕೊಡುವವರ ಶ್ರಮವನ್ನೂ ಮರೆಯಬಾರದು. ನಾಲ್ಕುನೂರು ಪುಟ ಎಚ್ಚರದಿಂದ ಓದುವುದು ಬಿಟ್ಟಿ ಕೆಲಸವಲ್ಲ. ಸಾಧ್ಯವಾದವರು ಸಂಭಾವನೆ ಕೊಡಲಿ. ನಮ್ಮ ಸಂಘಗಳೂ ತಿಂಗಳಿಗೊಂದು ಸಂಜೆ, ಬಿಡುಗಡೆಯ ಬದಲು ಹಸ್ತಪ್ರತಿಯ ಓದಿಗೆ ಸಭಾಗೃಹ ಬಿಟ್ಟುಕೊಡಬಹುದು. ಅಲ್ಲಿ ಹಾರ ಬೇಡ, ಶಾಲು ಬೇಡ. ಮೂರು ಜನ ಓದಿ ಬಂದವರು, ಒಬ್ಬ ಬರೆದವನು, ಒಂದು ಕಿತ್ತಲಿ ಚಹಾ ಇದ್ದರೆ ಸಾಕು.

ಮಿತ್ರರ ಮೂರನೆಯ ಪ್ರತಿ ಈಗ ಮತ್ತೆ ಠಾಣೆಯಲ್ಲಿದೆ. ಪುಸ್ತಕ ಯಾವಾಗ ಎಂದು ಅವರನ್ನು ಕೇಳಿದೆ. “ಟೀಚರು ಇನ್ನೂ ಇಪ್ಪತ್ತನೆಯ ಅಧ್ಯಾಯದಲ್ಲಿದ್ದಾರೆ” ಎಂದರು. ಧ್ವನಿಯಲ್ಲಿ ಅವಸರವಿರಲಿಲ್ಲ.