ಚಳ್ಳಕೆರೆಯ ಗೋಡೆಯಾಚೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಯಲಿನಲ್ಲಿ ಮೂರು ಬಾರಿ ಒಂದು ಅಪೂರ್ವ ಸಂಗತಿ ನಡೆಯಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, ಮತ್ತೆ ಅದೇ ವರ್ಷ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಸ್ರೊದ ರೆಕ್ಕೆಯ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಒಳಗೆ ಚಾಲಕನಿಲ್ಲ, ಇಳಿಯುವಾಗ ಎಂಜಿನ್ನಿನ ನೆರವೂ ಇಲ್ಲ. 'ಪುಷ್ಪಕ'ವೆಂದು ಹೆಸರಾದ ಆ ವಾಹನ ತನ್ನ ದಾರಿಯನ್ನು ತಾನೇ ತಿದ್ದಿಕೊಂಡು ಬಂದು ಓಡುದಾರಿಯನ್ನು ಮುಟ್ಟಿತು. ಮೂರನೆಯ ಸಲವಂತೂ ಬೇಕೆಂದೇ ಅದನ್ನು 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ನೆಲ ಮುಟ್ಟಿದಾಗಿನ ವೇಗ ಗಂಟೆಗೆ 320 ಕಿಲೋಮೀಟರಿಗೂ ಮಿಗಿಲು. ಪ್ರಯಾಣಿಕರ ವಿಮಾನ ಸುಮಾರು 260ರಲ್ಲಿ ಇಳಿಯುತ್ತದೆ. ಹಿಂದೆ ಬಿಚ್ಚಿಕೊಂಡ ಪ್ಯಾರಾಶೂಟು ಆ ಓಟವನ್ನು 100ರ ಹತ್ತಿರಕ್ಕೆ ತಂದಿತು.

ಕನ್ನಡ ನೆಲದಲ್ಲಿ ನಡೆದ ಈ ಮೂರು ಇಳಿತಗಳಿಗೂ ಸಾರ್ವಜನಿಕರಿಗೆ ಒಂದು ಬೆಂಚನ್ನು ಸಹ ಹಾಕಲಿಲ್ಲ. ನಮ್ಮ ಪಾಲಿಗೆ ಬಂದದ್ದು ಆಮೇಲೆ ಬಿಡುಗಡೆಯಾದ ಚಿತ್ರಗಳು. ಅವನ್ನೇ ಶಿರಸಿಯಲ್ಲಿಯೂ ಸಿದ್ದಾಪುರದಲ್ಲಿಯೂ ಯಲ್ಲಾಪುರದಲ್ಲಿಯೂ ಅಂಗೈಯಗಲದ ಫೋನಿನಲ್ಲಿ ಇಟ್ಟುಕೊಂಡು ಹೆಮ್ಮೆಪಟ್ಟೆವು.

"ಚಿತ್ರ ಸೊಗಸಾಗಿಯೇ ಇದೆಯಲ್ಲ, ಜಗಲಿಯಲ್ಲಿ ಕುಳಿತು ನೋಡಿದರೆ ಸಾಲದೆ?" ಎನ್ನುವ ಮಹನೀಯರುಂಟು. ಇವರಾರೂ ಮಾರಿಕಾಂಬೆಯ ಜಾತ್ರೆಗೆ ಕ್ಯಾಲೆಂಡರಿನ ಪಟ ಸಾಕೆನ್ನುವವರಲ್ಲ. ಎರಡು ವರ್ಷಕ್ಕೊಮ್ಮೆ ರಥ ಹೊರಟಾಗ ಬಿಡಕಿಬೈಲಿನ ದಾರಿಯಲ್ಲಿ ಮೈ ಜಜ್ಜಿಸಿಕೊಂಡಾದರೂ ನಿಲ್ಲುವವರೇ. ಕಣ್ಣಾರೆ ಕಂಡದ್ದಕ್ಕೂ ಪಟಕ್ಕೂ ಅಂತರವೆಷ್ಟೆಂದು ಅವರಿಗೆ ಗೊತ್ತು. ವಿಜ್ಞಾನದ ಮಾತು ಬಂದಾಗ ಮಾತ್ರ ಮರೆತುಬಿಡುತ್ತಾರೆ.

ಅಂತರ ಬರಿಯ ಭಾವುಕತೆಯದಲ್ಲ. ಶಬ್ದ ಒಂದು ಕಿಲೋಮೀಟರ್ ಕ್ರಮಿಸಲು ಸುಮಾರು ಮೂರು ಸೆಕೆಂಡು ಬೇಕು. ಐದು ಕಿಲೋಮೀಟರ್ ದೂರ ನಿಂತವನಿಗೆ ರಾಕೆಟ್ಟು ಮೊದಲು ಮೂಕವಾಗಿ ಮೇಲೇಳುತ್ತದೆ. ಗುಡುಗು ಬರುವುದು ಹದಿನೈದು ಸೆಕೆಂಡು ಕಳೆದ ಮೇಲೆ. 2015ರ ಡಿಸೆಂಬರ್ 21ರ ರಾತ್ರಿ ಅಮೆರಿಕದ ಕೇಪ್ ಕೆನವೆರಲ್‌ನಲ್ಲಿ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ ರಾಕೆಟ್ಟಿನ ಕೆಳಗಂಡ ಮೊದಲ ಬಾರಿಗೆ ಮರಳಿ ಬಂದು ನೆಟ್ಟಗೆ ನಿಂತಾಗ, ಅದರ ವೇಗದಿಂದ ಹುಟ್ಟಿದ ಸಿಡಿಲಿನಂಥ ಸದ್ದು ಇಳಿಯುವ ಹೊತ್ತಿಗೇ ಕಿವಿಗೆ ಬಡಿದು, ಒಡೆಯನಾದ ಇಲಾನ್ ಮಸ್ಕನೇ ರಾಕೆಟ್ಟು ಸ್ಫೋಟಿಸಿತೆಂದು ಭಾವಿಸಿದನಂತೆ. ಭೌತಶಾಸ್ತ್ರದ ಈ ಪಾಠವನ್ನು ಹತ್ತಿರದ ಮೈಕಿನ ಸದ್ದನ್ನು ಚಿತ್ರಕ್ಕೆ ಅಂಟಿಸಿ ಕೊಡುವ ಪರದೆ ಕಲಿಸಲಾರದು. ಚಳ್ಳಕೆರೆಯಲ್ಲಿ ಬೆಂಕಿಯೂ ಇಲ್ಲ, ಗುಡುಗೂ ಇಲ್ಲ, ನಿಜ. ಆಕಾಶದಿಂದ ಬಿಟ್ಟ ಟನ್‌ಗಟ್ಟಲೆ ಭಾರದ ವಸ್ತು ಸದ್ದಿಲ್ಲದೆ ಬರುವುದೇ ಅಲ್ಲಿಯ ನೋಟ.

ಇನ್ನು ಛಾಯಾಚಿತ್ರ. ಅಮೆರಿಕದಲ್ಲಿ ಪತ್ರಿಕೆಯವರು ಉಡಾವಣೆಯ ಕಟ್ಟೆಯ ಬಳಿ ಮುಂಚಿತವಾಗಿ ಕ್ಯಾಮೆರಾ ನೆಟ್ಟು ಬರುತ್ತಾರೆ. ರಾಕೆಟ್ಟಿನ ಅಬ್ಬರಕ್ಕೆ ಅದು ತಾನಾಗಿಯೇ ಚಿತ್ರ ಹಿಡಿಯುತ್ತದೆ. ನಮ್ಮಲ್ಲಿ ತೆಗೆಯುವುದೂ ಇಲಾಖೆ, ಆರಿಸುವುದೂ ಇಲಾಖೆ. ಹೀಗಾದರೆ ಸಾಧನೆಯ ಚಿತ್ರ ಉಳಿದೀತೇ ಹೊರತು ಸಾಧನೆಯನ್ನು ನೋಡುತ್ತ ನಿಂತ ಜನರ ಮುಖದ ಚಿತ್ರ ಎಲ್ಲಿಯೂ ಉಳಿಯದು.

ರಕ್ಷಣಾ ಇಲಾಖೆಯ ಜಾಗ, ಗುಟ್ಟಿನ ಜಾಗ ಎಂಬ ಉತ್ತರ ಸಿದ್ಧವಾಗಿದೆ. ಶ್ರೀಹರಿಕೋಟೆಯೇನು ತೆರೆದ ಸಂತೆಯೆ? ಆದರೂ ಅಲ್ಲಿ 2019ರಲ್ಲಿ ಪ್ರೇಕ್ಷಕರ ಗ್ಯಾಲರಿ ಕಟ್ಟಿ, ಏಪ್ರಿಲ್ 1ರ ಉಡಾವಣೆಗೆ ಜನರನ್ನು ಕರೆದರು. ಯಲಹಂಕದ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವಿಮಾನ ಪ್ರದರ್ಶನಕ್ಕೆ ಜನ ಕ್ಯಾಮೆರಾ ಹಿಡಿದೇ ಹೋಗುತ್ತಾರೆ. ಯುದ್ಧವಿಮಾನ ತೋರಿಸಲು ಅಡ್ಡಿಯಾಗದ ಗುಟ್ಟು ಪುಷ್ಪಕಕ್ಕೆ ಬಂದು ಅಂಟಿಕೊಂಡದ್ದು ಹೇಗೆ? ಅಪಾಯದ ಮಾತು ಬೇರೆ. ಅದನ್ನು ಹಗುರವಾಗಿ ಎಣಿಸಲಾಗದು. 2019ರ ಫೆಬ್ರವರಿಯಲ್ಲಿ ಯಲಹಂಕದ ತಾಲೀಮಿನಲ್ಲಿ ಎರಡು ವಿಮಾನ ಡಿಕ್ಕಿಯಾಗಿ ಒಬ್ಬ ಪೈಲಟ್ ತೀರಿಕೊಂಡರು. ಮರುದಿನ ಪ್ರದರ್ಶನ ಶುರುವಾಯಿತು. ಅಪಾಯಕ್ಕೆ ಮದ್ದು ದೂರ. ಓಡುದಾರಿಯ ನೇರಕ್ಕಲ್ಲದೆ ಪಕ್ಕಕ್ಕೆ, ಬೇಕಾದಷ್ಟು ದೂರದಲ್ಲಿ ನಿಲ್ಲಿಸಲಿ. ಬಯಲುಸೀಮೆಯಲ್ಲಿ ದೂರಕ್ಕೆ ಬರವೇ?

ಮೊದಲ ಸಾಲು ಯಾರಿಗೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ನೆಲ ಅಮೃತಮಹಲ್ ಕಾವಲು. ಸುತ್ತಲಿನ ಹಳ್ಳಿಗಳ ದನ, ಕುರಿ ಮೇದ ಹುಲ್ಲುಗಾವಲು. ಅದು ಸಂಸ್ಥೆಗಳ ಪಾಲಾಗಿ ಗೋಡೆ ಎದ್ದಾಗ ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹುಲ್ಲು ಕಳೆದುಕೊಂಡವನಿಗೆ ನೋಟವನ್ನೂ ಇಲ್ಲವೆನ್ನುವುದು ಯಾವ ನ್ಯಾಯ?

ಎರಡನೆಯ ಸಾಲನ್ನು ನಮ್ಮ ಘಟ್ಟದ ಮಕ್ಕಳಿಗಾಗಿ ಕೇಳುತ್ತೇನೆ. ಅಡಕೆ ತೋಟದ ನಡುವೆ ಬೆಳೆದ ಮಗು ಆಕಾಶವನ್ನು ಕಾಣುವುದೇ ತುಂಡುತುಂಡಾಗಿ. ಜೂನ್ ಬಂತೆಂದರೆ ಆ ತುಂಡೂ ಇಲ್ಲ. ಶ್ರೀಹರಿಕೋಟೆಗೆ ಹೋಗೋಣವೆಂದರೆ ಪಕ್ಕದ ರಾಜ್ಯವನ್ನು ದಾಟಿ ಸಮುದ್ರತೀರ ಮುಟ್ಟಬೇಕು. ಅಷ್ಟಾಗಿ ಉಡಾವಣೆ ಮುಂದೂಡಿದರೆ ಹೋಟೆಲಿನ ಬಾಡಿಗೆ ತೆತ್ತು ಬರಿಗೈಯಲ್ಲಿ ಮರಳಬೇಕು. ಚಳ್ಳಕೆರೆ ಹಾಗಲ್ಲ, ಹಾವೇರಿ, ದಾವಣಗೆರೆ, ಚಿತ್ರದುರ್ಗ ದಾಟಿದರೆ ಬಂತು.

ಮೂರನೆಯದೇ ಆ ಸರಣಿಯ ಕೊನೆಯದಾಗಿತ್ತು. ಮುಂದಿನದು ಕಕ್ಷೆಯಿಂದಲೇ ಮರಳುವ ವಾಹನ ಎಂದು ಇಸ್ರೊ ಹೇಳಿದೆ. ಅದು ಎಲ್ಲಿಯೇ ಇಳಿಯಲಿ, ಬೆಂಚುಗಳ ಲೆಕ್ಕವನ್ನು ಈಗಲೇ ನಕಾಶೆಯಲ್ಲಿ ಸೇರಿಸಲಿ. ಚಳ್ಳಕೆರೆಯಲ್ಲಾದರೆ ತಾರೀಖನ್ನು ನಾಲ್ಕು ದಿನ ಮೊದಲು ತಿಳಿಸಿದರೆ ಸಾಕು. ಶಿರಸಿಯಿಂದ ರಾತ್ರಿ ಹೊರಟ ಬಸ್ಸು ಬೆಳಗಿನ ಏಳಕ್ಕೆ ಮೊದಲೇ ಅಲ್ಲಿರುತ್ತದೆ.