ರೇಡಿಯೋಥೆರಪಿ ಮುಗಿದು ವರ್ಷವಾದ ಮೇಲೆ

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೋಥೆರಪಿ ಮಾಡಿಸಿಕೊಂಡವರಿಗೆ, ಅಂದರೆ ‘ಕರೆಂಟ್ ಕೊಡಿಸಿಕೊಂಡವರಿಗೆ’, ಆ ಆರೇಳು ವಾರಗಳ ಕಷ್ಟವನ್ನು ಯಾರಾದರೂ ಮೊದಲೇ ಹೇಳಿರುತ್ತಾರೆ. ಬಾಯಿತುಂಬ ಹುಣ್ಣು, ಕಪ್ಪಗಾದ ಕುತ್ತಿಗೆ, ಗುಟುಕು ನೀರು ನುಂಗಲೂ ನೋವು. ಇವೆಲ್ಲ ಕೆಲವು ವಾರಗಳಲ್ಲಿ ಮಾಯುತ್ತವೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ವರ್ಷಕ್ಕೋ ಮೂರು ವರ್ಷಕ್ಕೋ ತುತ್ತು ಇಡುವಷ್ಟು ಬಾಯಿ ತೆರೆಯುವುದಿಲ್ಲ, ಹಲ್ಲುಗಳು ಒಸಡಿನ ಅಂಚಿನಲ್ಲಿ ಹುಳುಕಾಗಿ ಮುರಿಯುತ್ತವೆ. ಕಾಯಿಲೆ ಮತ್ತೆ ಬಂತೇ ಎಂದು ಎದೆ ಹಾರುತ್ತದೆ. ಎಷ್ಟೋ ಸಲ ಅದು ಚಿಕಿತ್ಸೆಯದೇ ತಡವಾದ ಅಡ್ಡಪರಿಣಾಮವಾಗಿರುತ್ತದೆ.

ಇಷ್ಟು ತಡವೇಕೆ? ವಿಕಿರಣ ಜೀವಕೋಶದೊಳಗಿನ ಡಿಎನ್ಎಯನ್ನು ಮುರಿಯುತ್ತದೆ. ಹಾಗೆ ಏಟು ತಿಂದ ಕೋಶ ಸಾಮಾನ್ಯವಾಗಿ ಅಲ್ಲಿಯೇ ಸಾಯುವುದಿಲ್ಲ. ಎರಡಾಗಿ ಒಡೆಯಲು ಹೋದಾಗ ಸಾಯುತ್ತದೆ. ಬಾಯೊಳಗಿನ ತೆಳು ಪದರದ ಕೋಶಗಳು ಬೇಗಬೇಗ ಒಡೆಯುತ್ತವೆ, ಹಾಗಾಗಿ ಅಲ್ಲಿನ ಹುಣ್ಣು ಚಿಕಿತ್ಸೆಯ ನಡುವೆಯೇ ಏಳುತ್ತದೆ. ಮೂಳೆಯಲ್ಲಿ, ಸಣ್ಣ ರಕ್ತನಾಳಗಳ ಒಳಗೋಡೆಯಲ್ಲಿ ಕೋಶಗಳು ಒಡೆಯುವುದು ಬಹಳ ನಿಧಾನ. ಅಲ್ಲಿನ ಪೆಟ್ಟು ತಿಂಗಳು, ವರ್ಷಗಳ ಕಾಲ ಅಡಗಿರುತ್ತದೆ. ಜೊತೆಗೆ, ಗಾಯ ಮುಚ್ಚಬೇಕಾದ ನಾರು ನಿಲ್ಲದೆ ಬೆಳೆದು ಸ್ನಾಯುವನ್ನು ಬಿಗಿಯುತ್ತದೆ. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುತ್ತಾರೆ. ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳನ್ನು ‘ತಡವಾದವು’ ಎಂದು ಲೆಕ್ಕ ಹಿಡಿಯುವುದು ರೂಢಿ.

ಹೊರಗಿನ ಯಂತ್ರದಿಂದ ಕೊಟ್ಟ ವಿಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಲು ಹಿಂಜರಿಯಬೇಕಿಲ್ಲ. ಗಡ್ಡೆಯನ್ನು ಬಾಯಿಯಲ್ಲೋ ಗಂಟಲಲ್ಲೋ ಅಡಗಿಸಲು ಬೇಕಾಗುವ ಪ್ರಮಾಣ ಸುಮಾರು 60ರಿಂದ 70 ಗ್ರೇ. ಗ್ರೇ ಎಂದರೆ ವಿಕಿರಣವನ್ನು ಅಳೆಯುವ ಮಾನ. ಅದನ್ನು ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ ಕೊಡುವುದಕ್ಕೆ ಮುಖ್ಯ ಕಾರಣ, ಈ ನಿಧಾನದ ಅಂಗಾಂಶಗಳಿಗೆ ನಡುನಡುವೆ ಚೇತರಿಸಿಕೊಳ್ಳಲು ಬಿಡುವುದೇ. ಪೂರ್ತಿ ಕಾಪಾಡಲು ಮಾತ್ರ ಆಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಸೊರಗುವುದು ಜೊಲ್ಲಿನ ಗ್ರಂಥಿ. ಬಾಯಿ ಒಣಗುವುದು ಚಿಕಿತ್ಸೆಯಲ್ಲಿಯೇ ಶುರುವಾಗಿ ಅನೇಕರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಐಎಂಆರ್‌ಟಿಯಂಥ ಹೊಸ ವಿಧಾನದಲ್ಲಿ ಕಿರಣಗಳನ್ನು ಗ್ರಂಥಿಯಿಂದ ಆದಷ್ಟು ತಪ್ಪಿಸುವುದರಿಂದ ಈ ಕಷ್ಟ ಕಡಿಮೆಯಾಗುತ್ತದೆ ಎಂದು 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪರೀಕ್ಷೆ ತೋರಿಸಿತು. ಒಣ ಬಾಯಲ್ಲಿ ಚಪಾತಿ ಇಳಿಯುವುದಿಲ್ಲ. ಸಾರಿನಲ್ಲಿ ಕಲಸಿದ ಮೆತ್ತನೆಯ ಅನ್ನ, ಮೊಸರನ್ನ ಇಳಿಯುತ್ತದೆ. ಆಗಾಗ ಗುಟುಕು ನೀರು ಕುಡಿಯಬೇಕು. ಬಾಯಲ್ಲಿ ನೀರೂರಲಿ ಎಂದು ಪೆಪ್ಪರಮೆಂಟು ಚೀಪುವುದು ಕೆಟ್ಟದ್ದು, ಏಕೆಂದರೆ ಸಕ್ಕರೆಯನ್ನು ತೊಳೆದು ಹಲ್ಲನ್ನು ಕಾಯುವ ಜೊಲ್ಲೇ ಅಲ್ಲಿಲ್ಲ. ಅದಕ್ಕೇ ಇಂಥವರಿಗೆ ಹೆಚ್ಚು ಫ್ಲೋರೈಡ್ ಇರುವ ಪೇಸ್ಟ್ ಅಥವಾ ಜೆಲ್ ಬರೆದುಕೊಡುತ್ತಾರೆ.

ಬಾಯಿ ಬಿಗಿಯುವುದನ್ನು ಮನೆಯಲ್ಲೇ ಅಳೆಯಬಹುದು. ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ ಇಡಿ. ಮೂರು ಹೋಗುತ್ತಿದ್ದದ್ದು ಎರಡಕ್ಕೆ ಇಳಿದಿದ್ದರೆ ತಡಮಾಡಬೇಡಿ. ಐಸ್‌ಕ್ರೀಮ್ ಕಡ್ಡಿಯಂಥ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಹಿಡಿಯುವುದು, ಸಡಿಲವೆನಿಸಿದಾಗ ಇನ್ನೊಂದು ಸೇರಿಸುವುದು, ಹೀಗೊಂದು ವ್ಯಾಯಾಮವನ್ನು ಕಲಿಸಿಕೊಡುತ್ತಾರೆ. ಬೇಸರದ ಕೆಲಸ, ದಿನಕ್ಕೆ ಹಲವು ಸಲ ಮಾಡಬೇಕು. ಆದರೆ ಒಮ್ಮೆ ಬಿಗಿದುಕೊಂಡ ದವಡೆಯನ್ನು ಸಡಿಲಿಸುವುದಕ್ಕಿಂತ ಬಿಗಿಯದಂತೆ ನೋಡಿಕೊಳ್ಳುವುದು ಸುಲಭ.

ಗಂಭೀರವಾದ ಇನ್ನೊಂದು ತೊಂದರೆ ದವಡೆ ಮೂಳೆಯದು. ರಕ್ತನಾಳಗಳು ಕುಗ್ಗಿದ ಮೂಳೆಗೆ, ಅದರಲ್ಲೂ ಕೆಳದವಡೆಗೆ, ಗಾಯವನ್ನು ಮಾಯಿಸುವ ಶಕ್ತಿ ಇರುವುದಿಲ್ಲ. ನೋಯುವ ಹಲ್ಲನ್ನು ಊರಿನ ದಂತವೈದ್ಯರ ಬಳಿ ಕೀಳಿಸಿದರೆ ಆ ಗುಳಿ ತಿಂಗಳಾದರೂ ಮುಚ್ಚದೆ ಮೂಳೆ ಬಯಲಾಗಿ ಕೊಳೆಯಬಹುದು. ಈ ಅಪಾಯಕ್ಕೆ ಅವಧಿಯೆಂಬುದಿಲ್ಲ, ಹತ್ತು ವರ್ಷದ ನಂತರವೂ ಇರುತ್ತದೆ. ಕೀಳುವ ಬದಲು ರೂಟ್ ಕೆನಾಲ್ ಸಾಧ್ಯವೇ ಎಂದು ಮೊದಲು ನೋಡಬೇಕು.

ಥೈರಾಯ್ಡ್ ವಿಷಯ ಬೇಗ ಹೇಳಿ ಮುಗಿಸಬಹುದು. ಕುತ್ತಿಗೆಗೆ ವಿಕಿರಣ ಬಿದ್ದವರಲ್ಲಿ ಅದು ನಿಧಾನಕ್ಕೆ ಮಂದವಾಗುವುದುಂಟು. ಸುಸ್ತು, ಚಳಿ, ಮಲಬದ್ಧತೆಯನ್ನು ಮನೆಯವರು ವಯಸ್ಸಿನ ತಲೆಗೆ ಕಟ್ಟುತ್ತಾರೆ. ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್ಎಚ್ ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ದಿನಕ್ಕೊಂದು ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ.

ಎಲ್ಲವನ್ನೂ ಅಡ್ಡಪರಿಣಾಮವೆಂದು ತಳ್ಳಿಹಾಕುವಂತೆಯೂ ಇಲ್ಲ. ಹೊಸ ಗಂಟು, ರಕ್ತಸ್ರಾವ, ದಿನೇದಿನೇ ಏರುವ ನೋವು, ನೀರು ಕುಡಿದಾಗಲೆಲ್ಲ ಕೆಮ್ಮು ಬರುವುದು, ಇವುಗಳಿದ್ದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಬೇಕು.

ಚಿಕಿತ್ಸೆ ನಡೆಯುವುದು ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಯಲ್ಲಿ. ಹಲ್ಲುನೋವು ಬರುವುದು ಊರಿನಲ್ಲಿ, ಎಷ್ಟೋ ವರ್ಷದ ಮೇಲೆ. ಅಷ್ಟು ಹೊತ್ತಿಗೆ ಹಳೆಯ ಫೈಲು ಎಲ್ಲಿದೆಯೋ. ಹಾಗಾಗಿ ಚಿಕಿತ್ಸೆ ಮುಗಿದ ದಿನ ಪ್ರತಿಯೊಬ್ಬರ ಕೈಗೂ ಜೇಬಿನಲ್ಲಿಡುವ ಒಂದು ಚೀಟಿ ಕೊಡಬೇಕೆಂದು ನನಗನ್ನಿಸುತ್ತದೆ: ದವಡೆಯ ಯಾವ ಭಾಗಕ್ಕೆ ಎಷ್ಟು ಗ್ರೇ, ಯಾವ ವರ್ಷ, ಯಾರನ್ನು ಕೇಳಬೇಕು ಎಂಬ ವಿವರ, ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ ‘ಹಲ್ಲು ಕೀಳುವ ಮೊದಲು ನಮ್ಮನ್ನು ವಿಚಾರಿಸಿ’. ಅದು ಬರುವವರೆಗೆ ಡಿಸ್ಚಾರ್ಜ್ ಸಾರಾಂಶದ ಫೋಟೊವೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಿ, ಮಕ್ಕಳ ಮೊಬೈಲಿಗೂ ಕಳಿಸಿಡಿ.